ಉಂಗುರಕ್ಕೆ ಸುತ್ತಿದ ದಾರ

ನನ್ನ ಉಂಗುರವನ್ನು ಹತ್ತಿರದಿಂದ ನೋಡಿದರೆ ಒಳಬದಿಗೆ ಕೆಂಪು ದಾರ ಒತ್ತಾಗಿ ಸುತ್ತಿರುವುದು ಕಾಣುತ್ತದೆ. ನೋಡಿದವರು ಮೊದಲು ಉಂಗುರವನ್ನು, ಆಮೇಲೆ ನನ್ನ ಮುಖವನ್ನು, ಆಮೇಲೆ ಮತ್ತೆ ಉಂಗುರವನ್ನು ನೋಡುತ್ತಾರೆ. ಯಾರೋ ಮಂತ್ರಿಸಿ ಕೊಟ್ಟಿದ್ದಿರಬೇಕು ಎಂದು ಅವರ ಗುಮಾನಿ. ಹಾಗೇನೂ ಇಲ್ಲ ಸ್ವಾಮಿ. ಹೆಂಡತಿ ಸುಧಾ ತನ್ನ ಹೊಲಿಗೆ ಮೆಷಿನ್ನಿನ ಡಬ್ಬಿಯಿಂದ ತೆಗೆದು ಸುತ್ತಿಕೊಟ್ಟ ದಾರ ಅದು. ಉಂಗುರ ಸಡಿಲವಾದರೆ ನಮ್ಮ ಕಡೆಯವರು ಅಕ್ಕಸಾಲಿಗನ ಹತ್ತಿರ ಓಡುವುದಿಲ್ಲ, ದಾರ ಸುತ್ತುತ್ತಾರೆ. ಬೆರಳು ಇವತ್ತಲ್ಲ ನಾಳೆ ಮತ್ತೆ ದಪ್ಪವಾದೀತು ಎಂಬ ಆಸೆ. ಇವತ್ತು ಬೆಳಿಗ್ಗೆ ಕೈ ತೊಳೆಯುವಾಗ ದಾರದ ಒಂದು ತುದಿ ಬಿಚ್ಚಿಕೊಂಡು ಸೋಪಿನ ನೊರೆಯಲ್ಲಿ ಅಲ್ಲಾಡುತ್ತಿತ್ತು. ಅದನ್ನೇ ನೋಡುತ್ತ ನಿಂತುಬಿಟ್ಟೆ. ನಲ್ಲಿ ನಿಲ್ಲಿಸಿ ಎಂದು ಸುಧಾ ಅಡುಗೆಮನೆಯಿಂದ ಕೂಗಿದಾಗಲೇ ಎಚ್ಚರವಾದದ್ದು.

ನಾನು ತುಮಕೂರಿನವನು. ಸತ್ಯಮಂಗಲದಲ್ಲಿ ಗೇಟಿಗೂ ಬಾಗಿಲಿಗೂ ಬೇಕಾದ ಕೀಲು, ಚಿಲಕ ಮಾಡುವ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಆಫೀಸು ಮಹಡಿಯ ಮೇಲಿದೆ. ಹೋದ ವರ್ಷ ಆ ಮೆಟ್ಟಿಲು ಹತ್ತುವಾಗ ನನ್ನ ಮೊಣಕಾಲು ಮಾಡುತ್ತಿದ್ದ ಸದ್ದು ಕೇಳಿ ಕೆಳಗಿನ ಫಿಟ್ಟರುಗಳು ತಲೆಯೆತ್ತುತ್ತಿದ್ದರು. ಎಣ್ಣೆ ಕಾಣದ ಕೀಲಿನ ಸದ್ದು ಅವರಿಗೆ ಗೊತ್ತಿಲ್ಲವೇ! ಡಾಕ್ಟರು ಎಕ್ಸ್‌ರೇ ನೋಡಿ, ತೂಕ ಇಳಿಸಿ, ಇಲ್ಲವಾದರೆ ಮೊಣಕಾಲು ಬದಲಾಯಿಸಲು ತಯಾರಾಗಿ ಎಂದರು. ಹೆದರಿಕೆ ಮನುಷ್ಯನಿಂದ ಏನೆಲ್ಲ ಮಾಡಿಸುತ್ತದೆ ನೋಡಿ. ಬೆಳಗಿನ ವಾಕಿಂಗ್ ಶುರುವಾಯಿತು. ರಾತ್ರಿಯ ಅನ್ನ ಹೋಯಿತು. ಕಾಫಿಯ ಸಕ್ಕರೆ ಹೋಯಿತು. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವನು ಬಂದರೆ ಎಲೆಗೆ ಕೈ ಅಡ್ಡ ಇಟ್ಟು ಆ ಕಡೆ ಮುಖ ತಿರುಗಿಸುವಷ್ಟು ಕಟುಕನಾದೆ. ವರ್ಷ ತುಂಬುವುದರೊಳಗೆ ಹದಿನಾರು ಕೆಜಿ ಇಳಿಯಿತು.

ತೂಕ ಇಳಿದರೆ ಹಗುರಾಗುತ್ತೇವೆ ಎಂದಷ್ಟೇ ಎಲ್ಲರೂ ಹೇಳುತ್ತಾರೆ. ಉಳಿದದ್ದನ್ನು ಯಾರೂ ಹೇಳುವುದಿಲ್ಲ. ಚಳಿಯಾಗುತ್ತದೆಂದು ಯಾರಾದರೂ ಹೇಳಿದ್ದರೇ? ಏಪ್ರಿಲ್ ತಿಂಗಳಲ್ಲಿ, ತುಮಕೂರಿನ ಬಿಸಿಲಿನಲ್ಲಿ, ಆಫೀಸಿನ ಫ್ಯಾನಿನ ಕೆಳಗೆ ನಾನು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಹುಡುಗರೆಲ್ಲ ನನ್ನನ್ನು ಕದ್ದು ಕದ್ದು ನೋಡುತ್ತಿದ್ದರು. ಕುರ್ಚಿಯಂತೂ ಒಂದೇ ದಿನದಲ್ಲಿ ಶತ್ರುವಾಯಿತು. ಇಪ್ಪತ್ತು ವರ್ಷ ಅದೇ ಮರದ ಕುರ್ಚಿಯ ಮೇಲೆ ಕೂತವನಿಗೆ ಮನೆಯಿಂದ ದಿಂಬು ಒಯ್ಯುವ ಗತಿ ಬಂತು. ಮಗ್ಗುಲಾಗಿ ಮಲಗಿದರೆ ಎರಡು ಮೊಣಕಾಲೂ ಒಂದಕ್ಕೊಂದು ತಗುಲಿ ನೋಯುತ್ತವೆ. ಇಷ್ಟು ವರ್ಷ ಅವು ಮುಖ ನೋಡಿಕೊಂಡಿರಲಿಲ್ಲ, ಈಗ ನೋಡಿಕೊಂಡು ಜಗಳಕ್ಕೆ ಬಿದ್ದವು. ಚಪ್ಪಲಿಯೂ ದೊಡ್ಡದಾಯಿತು ಎಂದರೆ ನೀವು ನಂಬಲಾರಿರಿ. ಪಾದಕ್ಕೂ ಕೊಬ್ಬು ಇರುತ್ತದೆಂದು ನನಗೂ ಗೊತ್ತಿರಲಿಲ್ಲ. ಒಂದು ದಿನ ಸ್ನಾನ ಮಾಡುವಾಗ ಎದೆಯ ಮಧ್ಯೆ, ಕೆಳಗೆ, ಗಟ್ಟಿಯಾದದ್ದೊಂದು ಕೈಗೆ ಸಿಕ್ಕಿತು. ಗಡ್ಡೆಯೇ ಸರಿ ಎಂದುಕೊಂಡೆ. ಒದ್ದೆ ಮೈಯಲ್ಲೇ ಟವೆಲ್ ಸುತ್ತಿಕೊಂಡು ಹೊರಗೆ ಬಂದು ಸುಧಾಳಿಗೆ ತೋರಿಸಿದೆ. ಅವಳು ಮುಟ್ಟಿ ನೋಡಿ, ತನ್ನ ಎದೆಯನ್ನೂ ಮುಟ್ಟಿ ನೋಡಿಕೊಂಡು, "ಮೂಳೆ ಕಣ್ರೀ. ಎಲ್ರಿಗೂ ಇರುತ್ತೆ" ಎಂದಳು. ಐವತ್ತೆರಡನೆಯ ವಯಸ್ಸಿನಲ್ಲಿ ನನ್ನ ಎದೆಮೂಳೆಗೂ ನನಗೂ ಪರಿಚಯವಾದದ್ದು ಹೀಗೆ.

ಅವಳು ಅಷ್ಟು ಧೈರ್ಯವಾಗಿ ಹೇಳಿದಳೇ ಹೊರತು ಅವಳಿಗೂ ನೆಮ್ಮದಿ ಇರಲಿಲ್ಲ. ನನ್ನ ಗೊರಕೆ ನಿಂತುಹೋಗಿತ್ತು. ಮದುವೆಯಾದ ಲಾಗಾಯ್ತು ಆ ಗೊರಕೆಯನ್ನು ಬೈದುಕೊಂಡೇ ಮಲಗುತ್ತಿದ್ದವಳಿಗೆ ಈಗ ಆ ನಿಶ್ಶಬ್ದದಲ್ಲಿ ನಿದ್ದೆ ಬರುತ್ತಿರಲಿಲ್ಲ. ಎಚ್ಚರಾದಾಗಲೆಲ್ಲ ನನ್ನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಒಮ್ಮೆ ಆ ಬೆರಳಿಗೇ ನಾನು ಸೀನಿದೆ. ಅವತ್ತಿನಿಂದ ನಾಚಿಕೊಂಡು ಅದನ್ನು ಬಿಟ್ಟಳು, ಅಂದರೆ ನನಗೆ ಗೊತ್ತಾಗದ ಹಾಗೆ ನೋಡುವುದನ್ನು ಕಲಿತಳು. ಹಗಲಲ್ಲಿ ಅವಳ ಅನುಮಾನ ಬೇರೆ ದಾರಿ ಹಿಡಿಯುತ್ತಿತ್ತು. ಹಳೆಯ ಅಂಗಿಗಳು ಗೋಣಿಚೀಲದ ಹಾಗೆ ಜೋಲುತ್ತಿದ್ದುದರಿಂದ ಮೂರು ಹೊಸ ಅಂಗಿ ತಂದಿದ್ದೆ. ಇಸ್ತ್ರಿ ಮಾಡುತ್ತ, ಎಲ್ಲೋ ನೋಡುತ್ತ, "ನಿಮ್ಮ ಆಫೀಸಿಗೆ ಹೊಸಬ್ರು ಯಾರಾದ್ರೂ ಸೇರಿದಾರಾ?" ಎಂದು ಕೇಳಿದಳು. ಸೇರಿದ್ದಾರೆ, ವಾಚ್‌ಮನ್ ರಂಗಪ್ಪ ಎಂದೆ. ನಗಲಿಲ್ಲ.

ಆಮೇಲೆ ಕುಣಿಗಲ್. ಅದು ಸುಧಾಳ ತವರು. ಅವಳ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋದೆವು. ಮೊದಲೆಲ್ಲ ನಾನು ಹೋದರೆ ಕೈಯಿರುವ ಗಟ್ಟಿ ಕುರ್ಚಿಯೊಂದು ಎಲ್ಲಿಂದಲೋ ಬರುತ್ತಿತ್ತು. ಕಾರಿನಲ್ಲಿ ಮುಂದಿನ ಸೀಟು ನನ್ನದು. ದಪ್ಪ ಮನುಷ್ಯನಿಗೆ ನಮ್ಮಲ್ಲಿ ಒಂದು ಗೌರವವಿದೆ, ಅದು ಅವನದಲ್ಲ, ಹೊಟ್ಟೆಯದು ಎಂದು ಆ ದಿನ ತಿಳಿಯಿತು. "ಭಾವ, ಇಲ್ಲೇ ಸ್ವಲ್ಪ ಅಡ್ಜಸ್ಟ್ ಮಾಡ್ಕಳಿ" ಎಂದು ಭಾಮೈದ ನನ್ನನ್ನು ಹಿಂದಿನ ಸೀಟಿನ ನಡುವೆ, ಇಬ್ಬರು ಹೆಂಗಸರ ಮಧ್ಯೆ ತುರುಕಿದ. ಊಟವಾದ ಮೇಲೆ ಕೈ ತೊಳೆಯುವ ಕಡೆ ಅವನೇ ಪಕ್ಕಕ್ಕೆ ಬಂದು ನಿಂತ.

"ಭಾವ, ಶುಗರ್ರಾ?"

"ಇಲ್ಲ ಕಣಯ್ಯ. ವಾಕಿಂಗ್ ಮಾಡ್ತಿದೀನಿ."

"ನನ್ ಹತ್ರ ಹೇಳಕ್ಕೇನು? ನಾನು ಅಕ್ಕಂಗೆ ಹೇಳಲ್ಲ ಬುಡಿ."

ಅದೇ ಹೊತ್ತಿಗೆ ಒಳಗೆ ಸುಧಾಳ ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡು, "ಮನೇಲಿ ಎಲ್ಲಾ ಚೆನ್ನಾಗಿದೀರೇನೇ? ಅವ್ರಿಗೆ ಊಟ ಗೀಟ ಸರಿಯಾಗಿ ಹಾಕ್ತೀಯ ತಾನೇ?" ಎಂದು ಕೇಳಿದ್ದರಂತೆ. ಬಸ್ಸಿನಲ್ಲಿ ವಾಪಸ್ ಬರುವಾಗ ಸುಧಾ ಕಿಟಕಿಯ ಕಡೆ ತಿರುಗಿದವಳು ಊರು ಬರುವವರೆಗೂ ಈ ಕಡೆ ತಿರುಗಲಿಲ್ಲ. ನನ್ನ ಹೊಟ್ಟೆ ಹೋದದ್ದಕ್ಕೆ ಅವಳ ಮರ್ಯಾದೆ ಹೋಗಿತ್ತು.

ಇಷ್ಟೊಂದು ಜನ ಅನುಮಾನಪಟ್ಟ ಮೇಲೆ ನನಗೆ ಬರದೇ ಇರುತ್ತದೆಯೇ? ವಾಕಿಂಗಿನಿಂದಲೇ ಇಳಿದಿದೆಯೋ, ಒಳಗೆ ಏನೋ ನಡೆಯುತ್ತಿದ್ದು ವಾಕಿಂಗು ನೆಪವೋ? ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟೆ, ಎಲ್ಲ ಸರಿ ಎಂದರು. ಆ ಲ್ಯಾಬಿನವನು ಆಕಳಿಸುತ್ತ ಸೂಜಿ ಚುಚ್ಚಿದ್ದ, ಅವನನ್ನು ಹೇಗೆ ನಂಬುವುದು? ಇನ್ನೊಂದು ಲ್ಯಾಬಿಗೆ ಹೋದೆ. ಅಲ್ಲಿಯೂ ಎಲ್ಲ ಸರಿ. ಫ್ಯಾಕ್ಟರಿಯಲ್ಲಿ ಕಬ್ಬಿಣ ತೂಗುವ ತಕ್ಕಡಿಯ ಮೇಲೆ ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಹತ್ತಿ ನಿಂತು ಇಳಿಯುತ್ತಿದ್ದೆ. ಇಳಿದಿದ್ದರೆ ಹೆದರಿಕೆ, ಇಳಿಯದಿದ್ದರೆ ಬೇಜಾರು. ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು. ಯಾರಾದರೂ "ಯಂಗ್ ಆಗಿ ಕಾಣ್ತೀರ ಸಾರ್" ಎಂದರೆ ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಯೋಚಿಸುತ್ತಿದ್ದೆ.

ಆದರೂ ಇದೆಲ್ಲ ಹೊರಗಿನವರ ಮಾತು. ನಿಜವಾದ ಕೋರ್ಟು ಗುಬ್ಬಿ ತಾಲ್ಲೂಕಿನಲ್ಲಿತ್ತು. ಕಡಬದ ಪಕ್ಕದ ನಮ್ಮ ಊರಿನಲ್ಲಿ ಅಣ್ಣ, ಅತ್ತಿಗೆಯ ಜೊತೆ ಅಮ್ಮ ಇದ್ದಾಳೆ.

ಅಮ್ಮನ ವಿಷಯ ಹೇಳುವ ಮೊದಲು ಬಚ್ಚಲುಮನೆಯ ವಿಷಯ ಹೇಳಬೇಕು. ಚಿಕ್ಕಂದಿನಲ್ಲಿ ನಾನು ಕಡ್ಡಿ. ಎಣ್ಣೆನೀರಿನ ದಿನ ಹಂಡೆಯ ಒಲೆಯ ಮುಂದೆ ನನ್ನನ್ನು ಚಡ್ಡಿಯಲ್ಲಿ ಕೂರಿಸಿ, ಹರಳೆಣ್ಣೆ ತಿಕ್ಕುತ್ತ ಅಮ್ಮ ಪಕ್ಕೆಯ ಮೇಲೆ ಬೆರಳಾಡಿಸಿ ಒಂದೊಂದೇ ಮೂಳೆ ಎಣಿಸುತ್ತಿದ್ದಳು. "ಇದೇನ್ಲಾ ಇದು, ಬಿದಿರು ತಡಿಕೆ ಇದ್ದಂಗೈತೆ" ಎಂದು ಗೊಣಗುವಳು. ನನಗೆ ಕಚಗುಳಿ, ಅವಳಿಗೆ ಅಳು. ಹೊಗೆಗೆ ಕಣ್ಣಲ್ಲಿ ನೀರು ಬಂತೆಂದು ನಾನು ತಿಳಿದಿದ್ದೆ. ಹುರಿಹಿಟ್ಟಿಗೆ ಬೆಲ್ಲ ತುಪ್ಪ ಕಲಸಿ, ಕೊಬ್ಬರಿ ಚೂರು ಜೇಬಿಗೆ ತುಂಬಿ, ನಾನು ತಿನ್ನುವವರೆಗೂ ಎದುರಿಗೇ ಕೂತಿರುವಳು. ಆ ವಯಸ್ಸಿನಲ್ಲಿ ಏನೂ ಹತ್ತಲಿಲ್ಲ. ಕೆಲಸ ಸಿಕ್ಕಿ ಮದುವೆಯಾದ ಮೇಲೆ ಒಮ್ಮೆಗೇ ಹತ್ತಿತು. ಹೊಟ್ಟೆ ಮುಂದೆ ಮಾಡಿಕೊಂಡು ಊರಿಗೆ ಹೋದರೆ ಅಮ್ಮ ಜಗಲಿಯ ಮೇಲೆ ಕೂತ ಹೆಂಗಸರಿಗೆಲ್ಲ ನನ್ನನ್ನು ತೋರಿಸುವಳು. ನನ್ನ ಹೊಟ್ಟೆ ನನ್ನದೆಂದು ನಾನು ತಿಳಿದದ್ದು ತಪ್ಪು, ಅದು ಅವಳ ಜೀವಮಾನದ ಗಳಿಕೆ.

ಅದನ್ನು ನಾನು ಕರಗಿಸಿಕೊಂಡು ಒಂದು ಭಾನುವಾರ ಊಟಕ್ಕೆ ಹೋಗಿ ಕೂತೆ. ಮುದ್ದೆ ಇಡಲು ಬಗ್ಗಿದವಳ ಕಣ್ಣು ನನ್ನ ಕೈಯ ಮೇಲೆ ನಿಂತಿತು.

"ಉಂಗ್ರ ತೆಗಿ, ನೋಡನ."

ತೆಗೆದುಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ದಾರವನ್ನು ಉಗುರಿನಿಂದ ಮುಟ್ಟಿ ನೋಡಿದಳು.

"ಯಾಕ್ಲಾ ಹಿಂಗ್ ಸಣ್ಣಾದೆ?"

"ವಾಕಿಂಗ್ ಮಾಡ್ತಿದೀನಿ ಕಣಮ್ಮ."

ಅವಳ ಮುಖ ಬಾಡಿಹೋಯಿತು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಉಂಗುರವನ್ನು ತಟ್ಟೆಯ ಪಕ್ಕ ಇಟ್ಟು ಒಳಗೆ ಹೋದವಳು ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ಒಂದು ವಾರವಾದ ಮೇಲೆ ಅಣ್ಣ ಫೋನ್ ಮಾಡಿದ. "ಏನ್ಲಾ, ನಿಜ ಹೇಳು, ನಿಂಗೇನಾಗೈತೆ? ಅಮ್ಮ ಹರಕೆ ಹೊತ್ಕಂಡವ್ಳೆ. ನೀನು ಮೊದ್ಲಿನಂಗೆ ಮೈ ತುಂಬ್ಕಂಡ್ರೆ ನಿನ್ ತೂಕದ ಕೊಬ್ಬರಿ ತೂಗ್ತೀನಿ ಅಂತ ಗುಡ್ಡದ ದೇವ್ರಿಗೆ ಕೈ ಮುಗ್ದವ್ಳೆ. ಅಲ್ಲೀಗಂಟ ಒಪ್ಪತ್ತು." ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಹೊತ್ತಿನ ಊಟ. ಎಪ್ಪತ್ತೆಂಟರ ಹೆಂಗಸು!

ನನಗೆ ಗೊತ್ತಿಲ್ಲದ ಸಂಗತಿಯನ್ನು ಅಣ್ಣ ಹೇಳಿದ್ದು ಆಗಲೇ. ಆ ಉಂಗುರ ಅಪ್ಪನದೆಂಬುದು ನನಗೆ ಗೊತ್ತೇ ಇತ್ತು. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಅವರು ಹೋದ ಮೇಲೆ ಅಮ್ಮ ಉಂಗುರವನ್ನು ನನಗೆ ಕೊಟ್ಟಳು, ನನ್ನ ದಪ್ಪ ಬೆರಳಿಗೆ ಹಿಡಿಸದೆ ಗುಬ್ಬಿಯಲ್ಲಿ ಹಿಗ್ಗಿಸಿದ್ದೆವು. ಕೊನೆಯ ವರ್ಷ ಅಪ್ಪ ಸಣ್ಣಗಾಗುತ್ತ ಹೋದಾಗ ಅವರೂ ಆ ಉಂಗುರಕ್ಕೆ ಕಪ್ಪು ದಾರ ಸುತ್ತಿಕೊಂಡಿದ್ದರಂತೆ. ಅಮ್ಮ ಕೇಳಿದರೆ, "ವಾಕಿಂಗ್ ಮಾಡ್ತಿದೀನಿ ಕಣೇ" ಎಂದಿದ್ದರಂತೆ. ದಿನಾ ಬೆಳಿಗ್ಗೆ ಕೆರೆ ಏರಿಯ ಕಡೆ ಹೋಗುತ್ತಲೂ ಇದ್ದರು. ಅಮ್ಮ ನಂಬಿದಳು. ನಂಬಿದ್ದಷ್ಟೇ ಅಲ್ಲ, ಈ ವಯಸ್ಸಿನಲ್ಲೂ ನಮ್ಮನೆಯವರು ಹೇಗೆ ಮೈ ಇಳಿಸಿದ್ದಾರೆ ನೋಡಿ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಅಪ್ಪ ಅಷ್ಟು ಹೊತ್ತಿಗೆ ಬೆಂಗಳೂರಿಗೆ ಒಬ್ಬರೇ ಹೋಗಿ ತೋರಿಸಿಕೊಂಡು ಬಂದಿದ್ದರು. ಏರಿಯ ಮೇಲೆ ನಡೆಯುತ್ತಲೂ ಇರಲಿಲ್ಲ, ತೂಬಿನ ಹತ್ತಿರದ ಕಲ್ಲಿನ ಮೇಲೆ ಕೂತಿದ್ದು ವಾಪಸ್ ಬರುತ್ತಿದ್ದರು. ಕಾಯಿಲೆಯ ವಿಷಯ ನಮಗೆಲ್ಲ ತಿಳಿದಾಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಫೋನ್ ಇಟ್ಟು ಬೆರಳಿನ ಉಂಗುರ ನೋಡಿಕೊಂಡೆ. ಅಮ್ಮನನ್ನು ಒಮ್ಮೆ ಮೋಸಗೊಳಿಸಿದ ಅದೇ ಮಾತನ್ನು, ಅದೇ ಉಂಗುರಕ್ಕೆ ದಾರ ಸುತ್ತಿಕೊಂಡು, ನಾನು ಅವಳೆದುರು ಮತ್ತೆ ಹೇಳಿದ್ದೆ. ಅವಳು ಹೇಗೆ ನಂಬಬೇಕು?

ಎರಡೂ ಲ್ಯಾಬಿನ ರಿಪೋರ್ಟ್ ತೆಗೆದುಕೊಂಡು ಊರಿಗೆ ಓಡಿದೆ. ಅಮ್ಮ ಅವನ್ನು ಬಿಡಿಸಿಯೂ ನೋಡಲಿಲ್ಲ. "ನಿಮ್ಮಪ್ಪಾನೂ ಪೇಪರ್ ತೋರ್ಸಿದ್ರು" ಎಂದಳು. ಹಾಗೆ ಹೇಳಿ ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಾಗ ಅವಳ ಬಳೆಗಳೆಲ್ಲ ಸರ್ರನೆ ಮೊಣಕೈವರೆಗೂ ಜಾರಿದವು. ನಾನು ಸಣ್ಣಗಾದೆನೆಂದು ಅಮ್ಮ ಸಣ್ಣಗಾಗುತ್ತಿದ್ದಳು.

ಇನ್ನೇನು ಮಾಡುವುದು? ಮೈ ತುಂಬಿಕೊಳ್ಳಬೇಕು, ಅಷ್ಟೆ. ಫ್ಯಾಕ್ಟರಿಯಿಂದ ಸೀದಾ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಹಾಕಿಸಿಕೊಂಡು ತಿಂದೆ. ರಾತ್ರಿ ಅನ್ನ ಮರಳಿ ಬಂತು. ವರ್ಷಗಟ್ಟಲೆ ಬೇಡವೆಂದರೂ ಮೈಗೆ ಅಂಟುತ್ತಿದ್ದ ಅನ್ನ, ಬೇಕೆಂದು ತಿಂದಾಗ ಎಲ್ಲಿಗೆ ಹೋಗುತ್ತಿತ್ತೋ ದೇವರೇ ಬಲ್ಲ. ಹದಿನೈದು ದಿನ ತಿಂದು ಒಂದೂವರೆ ಕೆಜಿ ಏರಿದೆ. ಮೆಟ್ಟಿಲ ಮೇಲೆ ಮೊಣಕಾಲು ಮತ್ತೆ ಸದ್ದು ಮಾಡಿತು. ಒಂದು ರಾತ್ರಿ ಗೊರಕೆಯೂ ಬಂತಂತೆ, ಸುಧಾ ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದಳು. ಆದರೆ ಈ ಲೆಕ್ಕದಲ್ಲಿ ನಾನು ಮೊದಲಿನಂತಾಗುವುದು ಯಾವಾಗ, ಅಷ್ಟರಲ್ಲಿ ಅಮ್ಮ ಏನಾಗಬೇಕು?

ದಾರಿ ತೋರಿಸಿದವನು ಒಂದು ದಿನ ಊರಿನ ಮನೆಗೆ ಬಂದ ಗುಡ್ಡದ ದೇವಸ್ಥಾನದ ಪೂಜಾರಿ. ಅವನೂ ಒಳ್ಳೆಯ ಗುಂಡು ಕಲ್ಲು. ಹರಕೆಯ ಮಾತನ್ನು ವಕೀಲನ ಹಾಗೆ ಬಿಡಿಸಿದ. "ಅಜ್ಜಿ, ದೇವ್ರ ಮುಂದೆ ಇವ್ರ ಮೊದ್ಲಿನ ತೂಕ ತೂಗ್ಬೇಕು, ಅಷ್ಟೇ ತಾನೆ? ಎಷ್ಟು ಕಮ್ಮಿ ಆಗೈತೋ ಅಷ್ಟು ರಾಗಿ ಮೂಟೆ ಕಟ್ಟಿ ತೊಡೆ ಮೇಲೆ ಇಟ್ಕಂಡ್ ಕೂತ್ಕಳ್ಲಿ. ತೂಕ ಸರಿಹೋಯ್ತು, ಹರಕೆ ತೀರ್ತು."

ಅಮ್ಮ ಅರೆಮನಸ್ಸಿನಿಂದ ಒಪ್ಪಿದಳು. ಆದರೆ ಮೊದಲಿನ ತೂಕ ಎಷ್ಟು? ನಾನು ಎಂಬತ್ತೆಂಟು ಎಂದೆ. ಅಮ್ಮ ನನ್ನನ್ನು ದುರುಗುಟ್ಟಿ ನೋಡಿ, ಸುಧಾಳಿಗೆ ಫೋನ್ ಹಚ್ಚಿಸಿದಳು. "ತೊಂಬತ್ತಾರು ಅತ್ತೆ" ಎಂದು ಸ್ಪೀಕರಿನಲ್ಲಿ ಉತ್ತರ ಬಂತು. ಅಟ್ಟದ ಮೇಲಿನ ಕೊಬ್ಬರಿಯ ಕಡೆ ನೋಡಿ ಅಣ್ಣ ನಿಟ್ಟುಸಿರು ಬಿಟ್ಟ.

ತುಲಾಭಾರದ ದಿನ ಕೊಬ್ಬರಿ ಚೀಲಗಳು ಗೂಡ್ಸ್ ಆಟೋದಲ್ಲಿ ಗುಡ್ಡದ ಹಿಂದಿನ ದಾರಿಯಿಂದ ಮುಂಚೆಯೇ ಮೇಲೆ ಹೋದವು. ನಾವೆಲ್ಲ ಮೆಟ್ಟಿಲ ಬುಡಕ್ಕೆ ಬಂದಾಗ ನೋಡಿದರೆ ರಾಗಿ ಮೂಟೆ ಅಣ್ಣನ ಬೈಕಿನ ಮೇಲೇ ಉಳಿದಿತ್ತು. ಅಣ್ಣ ಫೋನ್ ತೆಗೆದು ಆಟೋದವನನ್ನು ಕರೆಯುತ್ತಿದ್ದ. ಇದಕ್ಕೇನು ಮಹಾ ಎಂದು ನಾನು ಮೂಟೆಯನ್ನು ಹೆಗಲಿಗೇರಿಸಿ ಹತ್ತತೊಡಗಿದೆ. "ಬ್ಯಾಡ ಕಣೋ, ಇಳ್ಸು, ಇಳ್ಸು" ಎಂದು ಅಮ್ಮ ಹಿಂದಿನಿಂದ ಕೂಗಿದಳು. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ತಿರುಗಿ ನೋಡಿದೆ. ಅತ್ತಿಗೆಯ ಕೈ ಹಿಡಿದು ಮೆಟ್ಟಿಲ ಮೇಲೆ ನಿಂತು ನನ್ನ ಕಾಲನ್ನೇ ನೋಡುತ್ತಿದ್ದಳು.

ಮೇಲೆ ಬಂದವಳು ದೇವರಿಗೂ ಕೈ ಮುಗಿಯಲಿಲ್ಲ. ಸೀದಾ ನನ್ನ ಹತ್ತಿರ ಬಂದು ಅಂಗೈಯನ್ನು ನನ್ನ ಎದೆಯ ಮೇಲಿಟ್ಟಳು. ಅದೇ ಹೊಸದಾಗಿ ಪರಿಚಯವಾದ ಮೂಳೆಯ ಮೇಲೆ. ನಾನು ಏದುಸಿರು ಬಿಡುತ್ತಿರಲಿಲ್ಲ.

"ನಿಮ್ಮಪ್ಪಂಗೆ ಕೊನೇಲಿ ಒಂದ್ ಬಿಂದ್ಗೆ ನೀರು ಎತ್ತಕ್ಕಾಗ್ತಿರ್ಲಿಲ್ಲ" ಎಂದಳು. ಇನ್ನೂ ಕೈ ತೆಗೆದಿರಲಿಲ್ಲ.

ತಕ್ಕಡಿಯಲ್ಲಿ ಕೂತೆ. ಮೂಟೆಯನ್ನು ತೊಡೆಯ ಮೇಲಿಟ್ಟರು. ಹೆಗಲ ಮೇಲೆ ಗೊತ್ತಾಗದ ಭಾರ ತೊಡೆಯ ಮೇಲೆ ಗೊತ್ತಾಯಿತು. ಇಷ್ಟನ್ನು ಹೊತ್ತುಕೊಂಡು ಮಲಗಿದ್ದೆ, ಎದ್ದಿದ್ದೆ, ಆಫೀಸಿನ ಮೆಟ್ಟಿಲು ಹತ್ತಿದ್ದೆನಲ್ಲ ಎಂದು ನನ್ನ ಮೊಣಕಾಲಿನ ಮೇಲೆ ಕನಿಕರ ಬಂತು. ಎದುರಿನ ತಟ್ಟೆಯಲ್ಲಿ ಕೊಬ್ಬರಿ ಏರುತ್ತ ಏರುತ್ತ ತಕ್ಕಡಿ ಸಮನಾಯಿತು. ಮಂಗಳಾರತಿಯಾದ ಮೇಲೆ ಕೆಳಗಿಳಿಸಿದ ಮೂಟೆಯನ್ನು ಅಮ್ಮ ಎರಡೂ ಕೈಯಲ್ಲಿ ಹಿಡಿದು ಎತ್ತಿ ನೋಡಿದಳು. ಅಲ್ಲಾಡಲಿಲ್ಲ.

"ಇಷ್ಟನ್ನೂ ಹೊತ್ಕಂಡ್ ಓಡಾಡ್ತಿದ್ದಾ? ಎಲ್ಲಾ ನಾನೇ ತುಂಬ್ಸಿದ್ದಲ್ವಾ?"

"ನೀನು ತುಂಬ್ಸಿದ್ದು ಇಲ್ಲೇ ಐತೆ ಕಣಮ್ಮ" ಎಂದು ನನ್ನ ತೋಳು ಮುಟ್ಟಿ ತೋರಿಸಿದೆ. "ಮಿಕ್ಕಿದ್ದು ನಾನು ತುಂಬ್ಕಂಡಿದ್ದು."

ಅವಳು ನಕ್ಕಳು. ಆ ದಿನ ರಾತ್ರಿ ಮುದ್ದೆ ಉಂಡಳು. ನಾನು ಅವಳೆದುರು ಕೂತು, ಚಿಕ್ಕಂದಿನಲ್ಲಿ ಅವಳು ನನ್ನನ್ನು ನೋಡುತ್ತಿದ್ದ ಹಾಗೆ, ಪ್ರತಿ ತುತ್ತು ಗಂಟಲಿಳಿಯುವುದನ್ನೂ ನೋಡಿದೆ. ಎಷ್ಟೋ ತಿಂಗಳ ಮೇಲೆ ಯಾರೂ ಯಾರನ್ನೂ ಅನುಮಾನಿಸದ ರಾತ್ರಿ ಅದು.

ಇದೆಲ್ಲ ಆಗಿ ಮೂರು ತಿಂಗಳಾಯಿತು. ಈಗ ಅಮ್ಮನಿಗೆ ಎರಡು ಹೊತ್ತೂ ಊಟ, ಮಧ್ಯಾಹ್ನ ಕಾಫಿ, ಮುದ್ದೆಯ ಮೇಲೆ ಅತ್ತಿಗೆ ತುಪ್ಪವನ್ನೂ ಹಾಕುತ್ತಾಳೆ. ಮೊನ್ನೆ ಭಾನುವಾರ ಸುಧಾಳನ್ನೂ ಕರೆದುಕೊಂಡು ಹೋಗಿದ್ದೆ. ಜಗಲಿಯಲ್ಲಿ ಎಲ್ಲರೂ ಕೂತಿದ್ದೆವು. ಅಮ್ಮ ನನಗೆ ನೀರಿನ ಚೊಂಬು ಕೊಡಲು ಕೈ ನೀಡಿದಳು, ಇಳಿಸುವಾಗ ಬಳೆಗಳು ಮುಂದಕ್ಕೆ ಜಾರಿ ಬೆರಳಿನ ಗಂಟಿನವರೆಗೂ ಬಂದವು. ಒಂದು ಬಳೆಗೆ ಬಿಳಿ ದಾರ ಸುತ್ತಿತ್ತು.

ಕೈ ಹಿಡಿದುಕೊಂಡೆ.

"ಅಮ್ಮ, ಈಗ ಒಪ್ಪತ್ತೂ ಇಲ್ಲ. ಯಾಕೆ ಹಿಂಗ್ ಸಣ್ಣ ಆಗಿದೀಯ?"

ಅವಳು ನನ್ನ ಮುಖ ನೋಡಿದಳು. ಕಣ್ಣಿನ ಮೂಲೆಯಲ್ಲಿ ತುಂಟತನವಿತ್ತೋ, ಅದರ ಹಿಂದೆ ಬೇರೇನಾದರೂ ಇತ್ತೋ, ನನಗೆ ತಿಳಿಯಲಿಲ್ಲ.

"ವಾಕಿಂಗ್ ಮಾಡ್ತಿದೀನಿ ಕಣೋ" ಎಂದಳು.

ಅಣ್ಣ, ಅತ್ತಿಗೆ, ಸುಧಾ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಕ್ಕಳು. ನಾನು ಅವಳ ಕೈ ಬಿಡಲಿಲ್ಲ. ನಾಳೆ ಬೆಳಿಗ್ಗೆ ಊರಿಗೆ ಹೋಗಿ ಅವಳನ್ನು ತುಮಕೂರಿಗೆ, ಡಾಕ್ಟರ ಹತ್ತಿರ ಕರೆದುಕೊಂಡು ಬರುತ್ತೇನೆ. ಅವಳಿಗೆ ಹೇಳಿಲ್ಲ. ಕೇಳಿದರೆ, ಸುಮ್ಮನೆ ವಾಕಿಂಗಿಗೆ ಹೋಗೋಣ ಬಾ ಎನ್ನುತ್ತೇನೆ.